ಮಾಲಕರ ಮಗ ಕೊಡಿಸಿದ ಟೆಕ್ಸ್-ಮೆಕ್ಸ್ ಊಟ

ಗದರಿಸಿ ಕೆಲಸ ಹೇಳುವವರನ್ನು ನಾನು ಜೀವನದಲ್ಲಿ ಚೆನ್ನಾಗಿಯೇ ಎದುರಿಸಿದ್ದೇನೆ. ನೂಲಿನ ದಲಾಲರು, ಲಾರಿ ಡ್ರೈವರುಗಳು, ಸ್ವಂತ ಭಾವಮೈದುನ, ಯಾರೇ ದನಿ ಎತ್ತಲಿ, ನಾನೂ ಒಂದು ಗೇಣು ಹೆಚ್ಚಾಗಿಯೇ ಎತ್ತಿದ್ದೇನೆ. ನನ್ನನ್ನು ಕೆಡಿಸಿದವರೆಲ್ಲ ಮೆಲ್ಲಗೆ ಮಾತಾಡುವವರು. ‘ನಿಮಗ ತ್ರಾಸ ಆಗೂದಿಲ್ಲ ಅಂದ್ರ...’ ಎಂದು ಯಾರಾದರೂ ಶುರುಮಾಡಿದರೆ ಸಾಕು, ತ್ರಾಸ ಯಾವುದೆಂದು ಕೇಳುವ ಮೊದಲೇ ನಾನು ತಲೆ ಆಡಿಸಿರುತ್ತೇನೆ. ಹೀಗೆ ತಲೆ ಆಡಿಸಿಯೇ ಪಕ್ಕದ ಮನೆಯವರ ಬೆಕ್ಕನ್ನು ಎಂಟು ತಿಂಗಳು ಸಾಕಿದೆ. ಸಾಂಗ್ಲಿಯಲ್ಲಿ ಗುರುತೇ ಇಲ್ಲದವನೊಬ್ಬನ ಮದುವೆಯಲ್ಲಿ ವರನ ಸೋದರಮಾವನಾಗಿ ನಿಂತು ಫೋಟೋ ತೆಗೆಸಿಕೊಂಡೆ. ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಒಂದು ಇದೆ.

ನಾನು ಇಚಲಕರಂಜಿಯ ಒಂದು ಮಗ್ಗದ ಕಾರ್ಖಾನೆಯಲ್ಲಿ ದಿವಾಣಜಿ. ಹೆಸರು ಕೇಳಿ ರಾಜದರ್ಬಾರನ್ನು ನೆನೆಯಬೇಡಿ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾವ ಮಗ್ಗದಿಂದ ಎಷ್ಟು ಬಟ್ಟೆ ಇಳಿಯಿತು ಎಂದು ಬರೆದಿಡುವ ಗುಮಾಸ್ತ, ಅಷ್ಟೇ. ನಮ್ಮ ಮಾಲಕರು ದಾನೋಳಿ ಕಡೆಯ ಜೈನರು. ಅಲ್ಲಿ ಕಬ್ಬು, ಇಲ್ಲಿ ಮಗ್ಗ. ಅವರು ಬೈದರೆ ಮಗ್ಗಗಳ ಸದ್ದಿನ ಮೇಲೂ ಕೇಳಿಸುತ್ತಿತ್ತು. ಬೈದು ಹತ್ತು ನಿಮಿಷಕ್ಕೆ ಚಹಾ ತರಿಸುತ್ತಿದ್ದರು. ಅವರ ಮಂಡಿ ಹಿಡಿದುಕೊಂಡ ಮೇಲೆ ಮಗ ಸನ್ಮತಿ ಗಾದಿಗೆ ಬಂದ. ಪುಣೆಯಲ್ಲಿ ಓದಿದವನು. ಯಾರನ್ನೂ ಬೈಯುವುದಿಲ್ಲ, ನನ್ನನ್ನು ‘ಕಾಕಾ’ ಎನ್ನುತ್ತಾನೆ. ಆಗಲೇ ನಾನು ಹುಷಾರಾಗಬೇಕಿತ್ತು.

ಒಂದು ಮಂಗಳವಾರ ಅವನೆಂದ: “ಕಾಕಾ, ನಿಮಗ ತ್ರಾಸ ಆಗೂದಿಲ್ಲ ಅಂದ್ರ ನಾಳೆ ಕೊಲ್ಲಾಪುರಕ್ಕ ಊಟಕ್ಕ ಹೋಗೂಣು. ನೀವು, ನಾನು, ಇಬ್ಬರ.”

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮಾಲಕರ ಕೈಯಿಂದ ನಾನು ತಿಂದದ್ದೆಂದರೆ ದೀಪಾವಳಿಯ ಪೇಢೆ. ಈಗ ಕಾರು, ಕೊಲ್ಲಾಪುರ, ಊಟ! ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸುವರ್ಣಾ ಒಂದು ಕ್ಷಣ ಯೋಚಿಸಿ, “ಮ್ಯಾನೇಜರ್ ಮಾಡ್ತಾರ ನೋಡ್ರಿ. ಇಲ್ಲಂದ್ರ ನಿಮಗ್ಯಾಕ ಊಟ ಹಾಕ್ತಾರ?” ಎಂದಳು. ಆ ಪ್ರಶ್ನೆಗೆ ಬೇರೆ ಉತ್ತರವೂ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಸಾಲದ್ದಕ್ಕೆ ಭೀಮಪ್ಪನಿಗೂ ಹೇಳಿದೆ. ಭೀಮಪ್ಪ ಮತ್ತು ನಾನು ರಬಕವಿಯಿಂದ ಒಂದೇ ಬಸ್ಸಿನಲ್ಲಿ ಈ ಊರಿಗೆ ಬಂದವರು. ಅವನು ಮಗ್ಗಕ್ಕೆ ನಿಂತ, ನಾನು ಪೆನ್ನು ಹಿಡಿದು ಕೂತೆ. ಮನೆ ಮಾತ್ರ ಒಂದೇ ಗಲ್ಲಿಯಲ್ಲಿ. ಅವನು ನನ್ನ ಬೆನ್ನಿಗೊಂದು ಗುದ್ದಿ, “ಮ್ಯಾನೇಜರ್ ಆದಮ್ಯಾಲ ನಮ್ಮನ್ನ ಮರೀಬ್ಯಾಡಲೇ ಮಗನ, ನಿನಗ ಚಹಾ ಕುಡಿಸಿ ಕುಡಿಸಿ ನಾ ಮುದುಕ ಆಗೇನಿ” ಎಂದ.

ಕೊಲ್ಲಾಪುರ ಎಂದರೆ ಅಲ್ಲಿಯ ಖಾರದ ಮಿಸಳ ನೆನೆದು ನನ್ನ ಬಾಯಲ್ಲಿ ನೀರೂರುತ್ತದೆ. ಹಾತಕಣಂಗಲೆ ದಾಟುವಷ್ಟರಲ್ಲೇ ಕಾಳಿನ ಮೇಲೆ ಸುರಿಯುವ ಕೆಂಪು ಕಟ್ಟು ಕಣ್ಣ ಮುಂದೆ ತೇಲತೊಡಗಿತ್ತು. ಆದರೆ ಕಾರು ನಿಂತದ್ದು ಗೋಡೆಯ ಮೇಲೆ ಪಾಪಾಸುಕಳ್ಳಿ ಬರೆದ ಹೋಟೆಲಿನ ಮುಂದೆ. ನಮ್ಮೂರಲ್ಲಿ ಕಳ್ಳಿಯನ್ನು ದನ ನುಗ್ಗದಂತೆ ಬೇಲಿಗೆ ಹಾಕುತ್ತಾರೆ. ಇಲ್ಲಿ ಗಿರಾಕಿಗಳನ್ನು ಕರೆಯಲು ಬರೆದಿದ್ದರು. ಒಳಗೆ ಗೋಡೆಗೆಲ್ಲ ಮೊರದಷ್ಟಗಲದ ಟೋಪಿಗಳು.

“ಇದು ಟೆಕ್ಸ್-ಮೆಕ್ಸ್ ಕಾಕಾ,” ಎಂದು ಸನ್ಮತಿ ವಿವರಿಸಿದ. “ಅಮೆರಿಕಾದ ಗಡೀ ಕಡೆ ಊಟ. ಅರ್ಧಾ ಅವರದು, ಅರ್ಧಾ ಮೆಕ್ಸಿಕೋದವರದು.”

ಗಡಿ ಎಂದ ಮೇಲೆ ನನಗೆ ಸಮಾಧಾನವಾಯಿತು. ನಾವೂ ಗಡಿಯವರೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಜಗಳದಲ್ಲಿ ಹಿಂದಿ. ಮೂರು ಮಾತಿನವರು ಒಂದೆಡೆ ಕೂತರೆ ಅಡುಗೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಲ್ಲಿ ಮಧ್ಯಾಹ್ನಕ್ಕೆ ಒಂದೇ ದರದ ಊಟವಂತೆ. ಸೂಪು, ಮೆಕ್ಕೆಜೋಳದ ಚಿಪ್ಸು, ಒಂದು ದೊಡ್ಡ ತಿನಿಸು, ಅನ್ನ, ಕೊನೆಗೆ ಸಿಹಿ, ಕುಡಿಯಲು ಲಿಂಬೆ ಪಾನಕ. ಚಿಪ್ಸು ಎಷ್ಟು ಸಲ ಕೇಳಿದರೂ ಕೊಡುತ್ತಾರೆ. ಸನ್ಮತಿ ಈರುಳ್ಳಿ ಬೆಳ್ಳುಳ್ಳಿ ಬೇಡವೆಂದ. ಹುಡುಕಿ ಹೋದರೆ ಮೆಕ್ಸಿಕೋದಲ್ಲೂ ಜೈನ ಊಟ ಸಿಗುತ್ತದೇನೋ, ವೇಟರು ಕಣ್ಣು ಮಿಟುಕಿಸದೆ ‘ಹೋ ಸರ್’ ಎಂದು ಬರೆದುಕೊಂಡ. ನನ್ನ ಮುಂದೆ ಬಂದದ್ದು ಹಾಸಿಗೆಯಂತೆ ಸುತ್ತಿದ ಚಪಾತಿ. ಒಳಗೆ ರಾಜ್ಮಾ, ಅನ್ನ, ಚೀಸು. ಅನ್ನವನ್ನು ಚಪಾತಿಯೊಳಗೆ ಬಚ್ಚಿಟ್ಟು, ಪಕ್ಕದಲ್ಲಿ ಮತ್ತೆ ಅನ್ನವನ್ನೇ ಇಡುವ ಧಾರಾಳತನ ನಮ್ಮ ಕಡೆಯ ಬೀಗರಲ್ಲೂ ನೋಡಿಲ್ಲ. ಚಿಪ್ಸನ್ನು ನಾನು ನಾಲ್ಕು ಸಲ ತರಿಸಿದೆ. ನಾಲ್ಕನೆಯ ಸಲ ವೇಟರು ನನ್ನ ಮುಖ ನೋಡಿದ. ನಾನು ಟೋಪಿಗಳನ್ನು ನೋಡಿದೆ.

“ಸ್ವಸ್ತಾತ್ ಮಸ್ತ್, ಹೈ ಕೀ ನೈ ಕಾಕಾ?” ಎಂದ ಸನ್ಮತಿ. ಅಗ್ಗದಲ್ಲಿ ಸೊಗಸು! ಅವನು ಊಟದ ಬಗ್ಗೆ ಹೇಳುತ್ತಿದ್ದಾನೆಂದೇ ನಾನು ತಿಳಿದೆ. “ಭಾಳ ಮಸ್ತ ಐತ್ರಿ,” ಎಂದೆ, ಬಾಯಿ ತುಂಬ.

ಸಿಹಿ ಬಂತು. ಚಕ್ಕುಲಿಯನ್ನು ನೆಟ್ಟಗೆ ಮಾಡಿ ಸಕ್ಕರೆಯಲ್ಲಿ ಹೊರಳಿಸಿದಂಥದ್ದು. ಒಂದು ಕೈಗೆತ್ತಿಕೊಂಡೆ. ಆಗ ಸನ್ಮತಿ ಕರವಸ್ತ್ರದಿಂದ ತುಟಿ ಒರೆಸಿಕೊಂಡು ಹೇಳಿದ:

“ಕಾಕಾ, ಹಳೇ ಶೆಡ್ ಬಂದ್ ಮಾಡಾಕತ್ತೇವಿ. ಆ ಮಗ್ಗ ಮೋಡಿಗೆ ಹೊಂಟಾವ. ಹೊಸಾ ಮಶೀನಿಗೆ ಇಬ್ಬರ ಸಾಕು. ಹನ್ನೊಂದ ಮಂದಿ ಬಿಡಬೇಕಾಗತೈತಿ.”

ಮೋಡಿಗೆ ಎಂದರೆ ಗುಜರಿಗೆ. ಹಳೇ ಶೆಡ್ಡಿನ ಹನ್ನೊಂದು ಮಂದಿಯ ಹೆಸರು ನನಗೆ ಹಾಜರಿ ಪುಸ್ತಕದ ಸಾಲಿನಂತೆ ಬಾಯಿಪಾಠ. ಮೂರನೆಯ ಹೆಸರು ಭೀಮಪ್ಪ.

“ಪಪ್ಪಾನ ಕೈಲೆ ಅವರಿಗೆ ಹೇಳಾಕ ಆಗವಲ್ತು. ನಾ ಹೇಳಿದ್ರ ಗದ್ದಲ ಆಗತೈತಿ. ನೀವು ಅವರ ಊರಾವ್ರು, ಅವರ ಭಾಷಾದಾವ್ರು. ತುಮಚಂ ಐಕತಾತ ತೇ. ನೀವ ಹೇಳಿದ್ರ ಕೇಳತಾರ.”

ಆ ಮಾತು ಕೇಳಿ ನಾನು ಎದ್ದು ನಿಂತೆ, ಬಡವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಗುಡುಗಿದೆ ಎಂದು ಬರೆಯಲು ನನಗೂ ಆಸೆ. ನಾನು ಕೇಳಿದ್ದು ಇಷ್ಟು: “ಮತ್ತ... ನಂದು?”

“ನೀವು ಇರ್ತೀರಿ ಕಾಕಾ. ನಿಮ್ಮನ್ನ ಬಿಟ್ಟು ಹ್ಯಾಂಗ?” ಎಂದ. ಅವನ ಮುಖದಲ್ಲಿ ನಿಜವಾಗಿಯೂ ಬೇಸರವಿತ್ತು. ಅಪ್ಪನಂತೆ ಬೈದು ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆನೋ ಏನೋ. ನಾನು ತಲೆ ಆಡಿಸಿದೆ. ಕೈಯಲ್ಲಿದ್ದ ಸಿಹಿಯನ್ನು ತಿಂದು ಮುಗಿಸಿದೆ. ರುಚಿಯಾಗಿತ್ತು. ಅದನ್ನು ಈಗಲೂ ಅಲ್ಲಗಳೆಯಲಾರೆ.

ವೇಟರು ಬಿಲ್ಲಿನಲ್ಲಿ ಪಾನಕವನ್ನು ಬೇರೆಯಾಗಿ ಹಾಕಿದ್ದ. ಅದು ಊಟದ ದರದಲ್ಲೇ ಬರುತ್ತದೆಂದು ಸನ್ಮತಿ ಮೆಲ್ಲಗೆ, ನಗುತ್ತಲೇ ತೋರಿಸಿ ತೆಗೆಸಿದ.

ಮರುದಿನ ಊಟದ ಹೊತ್ತಿಗೆ ಮಗ್ಗ ನಿಲ್ಲಿಸಿ ಹನ್ನೊಂದು ಮಂದಿಯನ್ನೂ ಕೂರಿಸಿಕೊಂಡೆ. ಮಾರ್ಕೆಟ್ಟು ಬಿದ್ದದ್ದರಿಂದ ಶುರುಮಾಡಿ, ಲೈಟಿನ ದರ, ನೂಲಿನ ದರ, ಸೂರತ್ತಿನ ಬಟ್ಟೆ ಎಂದು ಸುತ್ತಿ ಸುತ್ತಿ ಶೆಡ್ ಮುಚ್ಚುವ ಮಾತಿಗೆ ಬಂದೆ. ಮಾತು ಮುಗಿದರೂ ಯಾರೂ ಕೂಗಾಡಲಿಲ್ಲ. ಒಬ್ಬ ಬುತ್ತಿಯ ಗಂಟನ್ನು ಬಿಚ್ಚಿದವನು ಮತ್ತೆ ಕಟ್ಟಿದ. ಭೀಮಪ್ಪ ಕೇಳಿದ:

“ನಿನ್ನೆ ಇದನ್ನ ಹೇಳಾಕ ಕರಕೊಂಡ ಹೋಗಿದ್ರೇನು?”

“ಹೂಂ.”

“ಊಟಾ ಹಾಕಿದ್ರಾ?”

“ಹಾಕಿದ್ರು.”

“ಏನ ಹಾಕಿದ್ರು?”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಕಷ್ಟದ ಮಾತಿನಿಂದ ಪಾರಾಗಲು ಒಂದು ದಾರಿ ಸಿಕ್ಕಿತಲ್ಲ ಎಂದು ಹಿಗ್ಗಿ, ಕಳ್ಳಿಯಿಂದ ಹಿಡಿದು ಟೋಪಿಯವರೆಗೆ, ಹಾಸಿಗೆಯಂಥ ಚಪಾತಿಯವರೆಗೆ ಎಲ್ಲ ವರ್ಣಿಸಿದೆ. ಕೆಲಸ ಹೋದ ಮಂದಿ ಕುತೂಹಲದಿಂದ ಕೇಳಿದರು. ಒಬ್ಬಿಬ್ಬರು ನಕ್ಕರು ಕೂಡ. ಭೀಮಪ್ಪ ನಗಲಿಲ್ಲ. ಪೂರ್ತಿ ಕೇಳಿ, “ಹೊಟ್ಟಿ ತುಂಬಿತಲ್ಲ, ಆತ ಬಿಡು” ಎಂದು ಎದ್ದು ಹೋಗಿ ತನ್ನ ಮಗ್ಗ ಚಾಲೂ ಮಾಡಿದ. ಅವರ ಕೆಲಸ ತಿಂಗಳ ಕೊನೆಯವರೆಗಿತ್ತು, ಅದಕ್ಕೆ ಇನ್ನೂ ಒಂಬತ್ತು ದಿನ.

ಅವನು ಈಗ ಜಯಸಿಂಗಪುರದಲ್ಲಿ ಒಂದು ಗೋದಾಮಿಗೆ ಕಾವಲುಗಾರ. ಬೆಳಿಗ್ಗೆ ನಾನು ಏಳುವ ಮೊದಲೇ ಬಸ್ಸು ಹಿಡಿಯುತ್ತಾನೆ. ಹೋದ ತಿಂಗಳು ಒಂದು ಭಾನುವಾರ ಮಗಳ ಮದುವೆಯ ಪತ್ರಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದ. ಹೊಸಲಿನ ಹೊರಗೇ ನಿಂತು ಪತ್ರಿಕೆಗೆ ಅರಿಷಿಣ ಕುಂಕುಮ ಹಚ್ಚಿ ಎರಡೂ ಕೈಯಿಂದ ಕೊಟ್ಟ.

“ಬರ್ರಿ ದಿವಾಣಜಿಯವರ. ವೈನಿಯವರನ್ನೂ ಕರಕೊಂಡ ಬರ್ರಿ. ತಪ್ಪಸಬ್ಯಾಡ್ರಿ.”

“ಒಳಗ ಬಾರೋ, ಚಹಾ ಕುಡಿ,” ಎಂದೆ.

“ಇಲ್ರಿ, ಇನ್ನೂ ನಾಕ ಮನಿ ಅದಾವ್ರಿ.”

ಸುವರ್ಣಾ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಒಲೆಯ ಮೇಲಿಟ್ಟಿದ್ದ ಚಹಾದ ಪಾತ್ರೆಯನ್ನು ಇಳಿಸಿದಳು. ಮಗ್ಗದವರಲ್ಲಿ ಒಬ್ಬನಾದರೂ ನನ್ನನ್ನು ಬಹುವಚನದಲ್ಲಿ ಕರೆಯಲಿ ಎಂದು ಇಪ್ಪತ್ತಾರು ವರ್ಷ ಒಳಗೊಳಗೇ ಆಸೆಪಟ್ಟವನು ನಾನು. ಇನ್ನೊಂದು ಮಾತನ್ನು ಹೇಳಿಯೇ ಬಿಡುತ್ತೇನೆ. ಭೀಮಪ್ಪ ಮೆಟ್ಟಿಲಿಳಿಯುವಾಗ ನಾನು ಕೈ ಮುಗಿದೆ, ಬಾಯಿಂದ ತಾನಾಗಿಯೇ ಬಂತು, “ಹೋಗಿ ಬರ್ರಿ.”