ಮಂತ್ರಿಗಳ ಷಡ್ಡಕ

ಪಕ್ಕದ ದೇಶದ ಆರೋಗ್ಯ ಮಂತ್ರಿಗಳಿಗೆ ಈ ಲಿಫ್ಟ್ ಕಂಪನಿ ಬಿಡಿಗಾಸನ್ನೂ ಲಂಚವಾಗಿ ಕೊಟ್ಟಿಲ್ಲ. ಅಲ್ಲಿನ ಆಸ್ಪತ್ರೆಗಳಿಗೆ ಲಿಫ್ಟು ಕೂರಿಸುವ ಗುತ್ತಿಗೆ ಸಿಕ್ಕ ವಾರವೇ ಮಂತ್ರಿಗಳ ಭಾಮೈದನವರನ್ನು ಸಲಹೆಗಾರರಾಗಿ ನೇಮಿಸಿಕೊಂಡಿತು, ಅಷ್ಟೇ.

ತಕರಾರು ತೆಗೆದವರು ಕಂಪನಿಯ ವಕೀಲರಮ್ಮ. ಕೆಲಸವಿಲ್ಲದೆ ಸಂಬಳ ಕೊಟ್ಟರೆ ಎರಡೂ ದೇಶಗಳ ಕಾನೂನಿನಲ್ಲಿ ಅದು ಲಂಚವೇ, ನಿರ್ದೇಶಕರು ಮೊದಲು ಯಾವ ದೇಶದ ಜೈಲಿಗೆ ಹೋಗಬೇಕೆಂಬುದಷ್ಟೇ ಚರ್ಚೆಯ ವಿಷಯ ಎಂದರು. ಅಂದೇ ಭಾಮೈದನವರಿಗೆ ನಿಜವಾದ ಕೆಲಸ ಕೊಡತಕ್ಕದ್ದೆಂದು ಆಜ್ಞೆಯಾಯಿತು. ಕಚೇರಿಯನ್ನೆಲ್ಲ ಜಾಲಾಡಿದರೂ ನಿಜವಾದ ಕೆಲಸವೆಂದು ಸಿಕ್ಕಿದ್ದು ಒಂದೇ, ಲಿಫ್ಟು ಪರೀಕ್ಷೆ.

ಅದನ್ನು ಮಾಡುತ್ತಿದ್ದವರು ಹಳೆಯ ಪರೀಕ್ಷಕರು. ಪ್ರತಿ ಲಿಫ್ಟಿನೊಳಗೂ ತಾವೇ ನಿಂತು, ಹತ್ತಿ ಇಳಿದು, ಬ್ರೇಕು ಹಿಡಿಯುವ ಸದ್ದಿಗೆ ಕಿವಿಗೊಟ್ಟು ‘ಹೂಂ’ ಎಂದ ಮೇಲೇ ಅದು ಲಾರಿ ಹತ್ತುತ್ತಿತ್ತು. ಅವರನ್ನೀಗ ಕ್ಯಾಂಟೀನಿನಲ್ಲಿ ಕೂರಿಸಲಾಯಿತು. ಸಂಬಳ ನಿಲ್ಲಲಿಲ್ಲ. ಕೂತು ತಿನ್ನುವುದು ಮಾತ್ರ ಅವರಿಗೆ ಒಗ್ಗಲಿಲ್ಲ.

ವಕೀಲರಮ್ಮ ಮುಂದಿನ ತಪಾಸಣೆಗೆ ಬಂದರು. ಕೆಲಸವಿಲ್ಲದೆ ಸಂಬಳ ಪಡೆಯುತ್ತಿರುವವರು ಯಾರೆಂದು ನೋಡಿದರೆ ಪರೀಕ್ಷಕರು ಸಿಕ್ಕಿಬಿದ್ದರು.

“ಯಾವ ಮಂತ್ರಿಗಳು ನಿಮಗೆ ಏನಾಗ್ಬೇಕು?”

“ಯಾರೂ ಏನೂ ಆಗ್ಬೇಕಿಲ್ಲ ಮೇಡಂ.”

“ಅದೇ ನೋಡಿ ನನ್ನ ಭಯ. ಹೇಳ್ಕೊಂಡ ಸಂಬಂಧ ಆದ್ರೆ ಕೆಲಸ ಕೊಟ್ಟು ಬಚಾವಾಗ್ಬಹುದು. ಮುಚ್ಚಿಟ್ಟಿದ್ದಕ್ಕೆ ಜೈಲೇ ಗತಿ.”

ಸೋಮವಾರದೊಳಗೆ ಸಂಬಂಧ ತಿಳಿಸತಕ್ಕದ್ದು, ತಪ್ಪಿದಲ್ಲಿ ಮನೆಗೆ ಹೋಗತಕ್ಕದ್ದು ಎಂದು ಆದೇಶ ಹೊರಟಿತು. ಲಿಫ್ಟು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಟ್ಟಾರು?

ಕೈಹಿಡಿದವರು ಭಾಮೈದನವರೇ. ಅವರಿಗೂ ಅವರದೇ ಸಂಕಟವಿತ್ತು. ಲಿಫ್ಟು ಮೇಲೇರಿದರೆ ತಲೆ ಸುತ್ತುತ್ತಿದ್ದರಿಂದ ಪಾಪ, ಹೊರಗೆ ನಿಂತೇ ‘ಹೂಂ’ ಎನ್ನುತ್ತಿದ್ದರು.

“ನಿಮ್ಮನೆಯವರು ನನ್ನ ತಂಗಿ ಅಂತ ಬರೆದುಕೊಡಿ. ಅಕ್ಕನ ಗಂಡ ಮಂತ್ರಿ, ನೀವು ಮಂತ್ರಿಗಳ ಷಡ್ಡಕ. ಮುಗೀತಲ್ಲ?”

“ಸುಳ್ಳಾಗಲ್ವಾ ಸಾರ್?”

“ಅವರು ಕೇಳಿರೋದು ಸಂಬಂಧಾನ. ನಿಜಾನ ಯಾರು ಕೇಳಿದ್ರು?”

ಪರೀಕ್ಷಕರ ಹೆಂಡತಿ ಒಬ್ಬಳೇ ಮಗಳು, ತವರಿನ ಕಡೆ ಯಾರೂ ಉಳಿದಿರಲಿಲ್ಲ. ಅಣ್ಣನೊಬ್ಬ ಸಿಕ್ಕಿದ್ದಕ್ಕೆ ಆಕೆ ಕಣ್ಣೊರೆಸಿಕೊಂಡಳು.

ಸೋಮವಾರ ವಕೀಲರಮ್ಮ ನಿಟ್ಟುಸಿರುಬಿಟ್ಟು ರುಜು ಹಾಕಿದರು. ಮಂತ್ರಿಗಳ ಷಡ್ಡಕರಿಗೆ ನಿಜವಾದ ಕೆಲಸವನ್ನೇ ಕೊಡಬೇಕಾದ್ದರಿಂದ ಪರೀಕ್ಷಕರನ್ನು ಲಿಫ್ಟು ಪರೀಕ್ಷೆಗೆ ಹಾಕಲಾಯಿತು, ಸಲಹೆಗಾರರ ಸಂಬಳದ ಮೇಲೆ. ಭಾಮೈದನವರು ನೆಲಮಹಡಿಯಲ್ಲಿ ಉಪನಿರ್ದೇಶಕರಾದರು. ಆ ಹುದ್ದೆಯವರಿಗೆ ಕೆಲಸವಿದೆಯೇ ಎಂದು ಕೇಳುವ ಪದ್ಧತಿ ಎರಡೂ ದೇಶಗಳಲ್ಲಿ ಇಲ್ಲ. ಅಷ್ಟರಲ್ಲಿ ಭಾಮೈದನವರ ‘ಹೂಂ’ ಮೇಲೆ ಗಡಿ ದಾಟಿಹೋದ ಲಿಫ್ಟುಗಳ ಮಾತನ್ನು ಯಾರೂ ಎತ್ತಲಿಲ್ಲ.

ಮೊನ್ನೆ ಮಂತ್ರಿಗಳು ಕಾರ್ಖಾನೆ ನೋಡಲು ಬಂದು, ಕೈಬೀಸಿ, ಹಾಗೇ ಹೊರಟುಹೋದರು. ಪರೀಕ್ಷಕರು ಮನೆಗೆ ಬಂದಾಗ ಹೆಂಡತಿ ಹೊಸ ಸೀರೆಯುಟ್ಟು ಬಾಗಿಲಲ್ಲೇ ಕೂತಿದ್ದಳು.

“ಅಷ್ಟು ದೂರದಿಂದ ಬಂದ ಭಾವ, ನಾದಿನಿ ಮನೆಗೆ ಒಂದು ಗಳಿಗೆ ಬಂದುಹೋಗಬಾರದಿತ್ತಾ?”

ಪರೀಕ್ಷಕರಿಗೂ ಒಳಗೊಳಗೇ ನೋವಾಗಿತ್ತು. ಆದರೂ ದೊಡ್ಡವರನ್ನು ಆಡಿಕೊಳ್ಳಬಾರದೆಂದು ಪಕ್ಕದಲ್ಲಿ ಕೂತು, “ಅವರಿಗೂ ನೂರೆಂಟು ತಾಪತ್ರಯ ಕಣೇ,” ಎಂದು ಸಮಾಧಾನ ಮಾಡಿದರು.