ತಲೆಗೆ ಹಚ್ಚಿದ್ದು ಹುಳಕ್ಕೆ ತಟ್ಟಿತು

ಕೈಲಾಂಚ ಹೋಬಳಿಯ ನಮ್ಮ ಊರಿನಲ್ಲಿ ನನ್ನಷ್ಟು ದಟ್ಟ ಕ್ರಾಪಿನ ಗಂಡಸು ಇನ್ನೊಬ್ಬನಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಬಚ್ಚಲ ಗೋಡೆಗೆ ಸಿಕ್ಕಿಸಿದ ಅಂಗೈಯಗಲದ ಕನ್ನಡಿಯಲ್ಲಿ ಹಣೆಯ ಮೇಲಿನ ಕೂದಲು ಸೊಂಪಾಗಿಯೇ ಕಾಣುತ್ತಿತ್ತು. ನೆತ್ತಿ ಕಾಣುತ್ತಿರಲಿಲ್ಲ. ಕಾಣದ್ದರ ಬಗ್ಗೆ ಯೋಚಿಸುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಹೀಗಿರುವಾಗ ನಮ್ಮೂರ ಹಾಲಿನ ಡೈರಿಗೆ ಸಿಸಿಟಿವಿ ಬಂತು. ಕ್ಯಾಮೆರಾವನ್ನು ಸೂರಿಗೆ ಸಿಕ್ಕಿಸಿ, ಅದರ ಟಿವಿಯನ್ನು ಕಾರ್ಯದರ್ಶಿ ಬೋರೇಗೌಡನ ಮೇಜಿನ ಪಕ್ಕದಲ್ಲಿಟ್ಟರು. ಬೋರೇಗೌಡ ನನ್ನ ಜೊತೆ ಓದಿದವನು. ಓದಿನಲ್ಲಿ ನನಗಿಂತ ದಡ್ಡ, ಬಾಯಲ್ಲಿ ಮಾತ್ರ ಮುಂದು. ಒಂದು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತು ಟಿವಿ ನೋಡಿದೆ. ಸಾಲಿನ ನಡುವೆ ಒಬ್ಬನ ನೆತ್ತಿ ಬೆಳಗಿದ ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು.

"ಲೇ ಬೋರ, ಯಾರ್ಲಾ ಅದು? ತಲೆ ಮ್ಯಾಲೆ ಕಣ ಮಾಡವ್ನೆ! ರಾಗಿ ಒಕ್ಕಬೋದು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ ನಕ್ಕೆ. ಟಿವಿಯಲ್ಲಿದ್ದವನ ಹೆಗಲೂ ಕುಲುಕಿತು.

ಬೋರೇಗೌಡ ಹಾಲು ಅಳೆಯುವುದನ್ನು ನಿಲ್ಲಿಸಿದ. "ಒಸಿ ಕೈ ಎತ್ಲಾ."

ಎತ್ತಿದೆ. ಟಿವಿಯಲ್ಲಿದ್ದವನೂ ಎತ್ತಿದ.

"ನೀನೇ ಕಣ್ಲಾ!"

ಡೈರಿಯೇ ನಕ್ಕಿತು. ಹೊರಗೆ ಕಟ್ಟಿದ್ದ ಎಮ್ಮೆ ಕೂಡ ತಿರುಗಿ ನೋಡಿತು.

ಮನೆಗೆ ಬಂದವನೇ ಹೆಂಡತಿ ಮಂಜುಳಾಳ ಮುಂದೆ ತಲೆ ಬಗ್ಗಿಸಿ ನಿಂತೆ. "ನೋಡಮ್ಮಿ, ನನ್ ನೆತ್ತಿ ಮ್ಯಾಲೆ ಕೂದ್ಲಿಲ್ವಾ?"

"ಈಗ್ ಗೊತ್ತಾಯ್ತಾ? ನಂಗೆ ಅದ್ಯಾವ ಕಾಲ್ದಿಂದ ಗೊತ್ತು."

"ಮತ್ಯಾಕೆ ಯೇಳ್ನಿಲ್ಲ?"

"ಯೇಳಿದ್ರೆ ಏನ್ ನಾಟಿ ಹಾಕ್ತಿದ್ರಾ?"

ಈ ತಿರಸ್ಕಾರವನ್ನು ನಾನು ಸವಾಲಾಗಿ ಸ್ವೀಕರಿಸಿದೆ. ಮೊಬೈಲಿನಲ್ಲಿ ಹುಡುಕಿದಾಗ ಮೊಣಕಾಲು ಮುಟ್ಟುವ ಜಡೆಯ ಹೆಂಗಸೊಬ್ಬಳು ಸಿಕ್ಕಿದಳು. "ಸ್ನೇಹಿತರೇ, ಯಾವ ಖರ್ಚೂ ಬೇಡ, ಔಷಧಿ ನಿಮ್ಮ ಅಡುಗೆಮನೆಯಲ್ಲೇ ಇದೆ" ಎಂದಳು. ಅವಳ ಅಡುಗೆಮನೆಯಲ್ಲಿ ಇದ್ದಿರಬಹುದು. ನಮ್ಮ ಅಡುಗೆಮನೆಯಲ್ಲಿ ಮಂಜುಳಾ ಇದ್ದಳು. ಅವಳು ತೋಟಕ್ಕೆ ಹೋಗುವುದನ್ನೇ ಕಾದು, ಈರುಳ್ಳಿಯನ್ನು ಮಿಕ್ಸಿಗೆ ಹಾಕಿ ರುಬ್ಬಿ, ರಸ ಹಿಂಡಿ, ನೆತ್ತಿಗೆ ಸುರಿದುಕೊಂಡು ಜಗಲಿಯ ಬಿಸಿಲಿನಲ್ಲಿ ಕುಳಿತೆ.

ಈರುಳ್ಳಿ ರಸ ಬೇರಿಗೆ ಇಳಿಯುತ್ತದೆ ಎಂದು ಆ ಹೆಂಗಸು ಹೇಳಿದ್ದಳು. ನನ್ನ ತಲೆಯಲ್ಲಿ ಅದನ್ನು ತಡೆಯುವ ಬೇರೇ ಇರಲಿಲ್ಲವಲ್ಲ, ಸೀದಾ ಕಣ್ಣಿಗೆ ಇಳಿಯಿತು. ಕಣ್ಣು ಮೂಗು ಎರಡೂ ಒಟ್ಟಿಗೆ ಹರಿಯತೊಡಗಿದವು. ಬಿಕ್ಕುತ್ತಾ ಕುಳಿತಿದ್ದ ನನ್ನನ್ನು ಒಳಗಿನಿಂದ ಬಂದ ನಮ್ಮವ್ವ ನೋಡಿದಳು. ಮಾಗಡಿಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದು ಮಲಗಿದ್ದಳು. ನನ್ನ ಕೈಯಲ್ಲಿ ಮೊಬೈಲಿತ್ತು. ಅವ್ವನಿಗೆ ಅಷ್ಟು ಸಾಕಾಯಿತು.

"ಅಯ್ಯೋ ನನ್ನಕ್ಕಯ್ಯಾ! ನನ್ ಬುಟ್ಟು ಹೊಂಟೋದೇನೇ!" ಎಂದು ಎದೆ ಬಡಿದುಕೊಂಡು ಕುಸಿದಳು. ಅಕ್ಕಪಕ್ಕದ ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದರು. ಬಂದವರು ವಿಚಾರಿಸುವ ಮೊದಲೇ ಅಳಲು ಕುಳಿತರು. ನಮ್ಮ ಕಡೆ ಸಾವಿನ ಮನೆಯಲ್ಲಿ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ. ಯಾರೋ ನನ್ನ ಭುಜ ಹಿಡಿದು, "ಅಳ್ಬ್ಯಾಡಪ್ಪ, ಸಮಾಧಾನ ಮಾಡ್ಕೊ. ಯಾವಾಗ್ ಹೋಯ್ತಂತೆ?" ಎಂದರು.

"ಗೊತ್ತಿಲ್ಲ ಕಣಕ್ಕ. ನಾನು ಇವತ್ತು ನೋಡ್ದೆ."

"ಏನ್ ನೋಡ್ದೆ?"

"ಕೂದ್ಲು!"

ಅಳು ನಿಂತಿತು. ಹೆಂಗಸರು ಮೂಗು ಮುಚ್ಚಿಕೊಂಡು ಎದ್ದರು. ಅವ್ವ ಮಾತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ. "ಬದುಕಿರೋ ನನ್ನಕ್ಕನ್ ಸಾಯಿಸ್ಬುಟ್ಯಲ್ಲೋ ಮುಂಡೇದೇ!" ಎಂದು ಪೊರಕೆ ಎತ್ತಿಕೊಂಡಳು. ಅಂದಿನ ಸಾರು, ಮರುದಿನದ ಚಟ್ನಿ, ಆಮೇಲಿನ ಹುಚ್ಚೆಳ್ಳು ಪುಡಿ, ಎಲ್ಲದರಲ್ಲೂ ನನ್ನ ತಲೆಯ ವಾಸನೆ ಬರುತ್ತಿದೆ ಎಂದು ಮಂಜುಳಾ ಮಿಕ್ಸಿಯ ಜಾರನ್ನೇ ಬೀಗ ಹಾಕಿಟ್ಟಳು.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಮೊಸರಿಗೆ ಹೋದೆ.

ನೆನೆಸಿದ ಮೆಂತ್ಯವನ್ನು ಒರಳಿನಲ್ಲಿ ಅರೆದು, ಹುಳಿ ಮೊಸರಿನಲ್ಲಿ ಕಲಸಿ ತಲೆಗೆ ಮೆತ್ತಿಕೊಂಡೆ. ಒಣಗಿದ ಮೇಲೆ ತೊಳೆಯಬೇಕೆಂದು ವಿಡಿಯೋದಲ್ಲಿತ್ತು. ಒಣಗಿತು. ತೊಳೆಯಲು ಹೋದರೆ ತೊಟ್ಟಿಯಲ್ಲಿ ನೀರಿಲ್ಲ, ಬೋರು ಹಾಕೋಣವೆಂದರೆ ಕರೆಂಟಿಲ್ಲ. ಆ ಹೊತ್ತಿಗೆ ಸರಿಯಾಗಿ ಡೈರಿ ಸಂಘದ ಸಭೆಗೆ ಕರೆ ಬಂತು. ನಾನು ಸಂಘದ ನಿರ್ದೇಶಕ. ಹೋಗದಿದ್ದರೆ ಕೋರಂ ಇಲ್ಲ. ತಲೆಗೆ ಟವೆಲು ಸುತ್ತಿ, ಊರಿನ ಹಿರಿಯನಂತೆ ಗಂಭೀರವಾಗಿ ಹೋಗಿ ಕುಳಿತೆ.

ಸೆಕೆ. ಫ್ಯಾನಿಲ್ಲ. ಬೆವರಿಗೆ ಒಣಗಿದ್ದದ್ದು ಮತ್ತೆ ಕರಗತೊಡಗಿತು. ಪಶು ಆಹಾರದ ಗುಣಮಟ್ಟದ ಬಗ್ಗೆ ನಾನು ಎದ್ದು ಖಂಡತುಂಡವಾಗಿ ಮಾತಾಡುತ್ತಿರುವಾಗ ಒಂದು ಬಿಳಿ ಗೆರೆ ಕಿವಿಯ ಪಕ್ಕದಿಂದ ಇಳಿದು ಅಂಗಿಯ ಕಾಲರಿಗೆ ಸೇರಿತು. ಬೋರೇಗೌಡ ಬೆರಳಿನಲ್ಲಿ ಅದನ್ನು ತೆಗೆದು ಮೂಸಿದ.

"ಅಧ್ಯಕ್ಷರೇ, ಇದ್ರ ಫ್ಯಾಟು ನೋಡ್ಬೇಕಾಯ್ತದೆ. ಹಾಲು ಒಡೆದೈತೆ!"

ನಡಾವಳಿಯಲ್ಲಿ ಇದನ್ನು ಬರೆಯಕೂಡದೆಂದು ನಾನು ಮಂಡಿಸಿದ ಠರಾವಿಗೆ ಅನುಮೋದಕರೇ ಸಿಗಲಿಲ್ಲ.

ಈಗ ನನಗೆ ಕೂದಲಿಗಿಂತ ಹಟ ಮುಖ್ಯವಾಯಿತು. ಮಾನ ಹೋಗಿರುವ ಜಾಗದಲ್ಲೇ ಕೂದಲು ಬರಿಸಿ ತೋರಿಸುತ್ತೇನೆ ಎಂದು ಎಣ್ಣೆಗೆ ಕೈ ಹಾಕಿದೆ. ಬೇವಿನೆಣ್ಣೆ, ಬೆಳ್ಳುಳ್ಳಿ, ಕರಿಬೇವು, ದಾಸವಾಳದ ಎಲೆ. ಮೊದಲು ಇಷ್ಟೇ ಇತ್ತು. ಬೋರೇಗೌಡನೇ ದಾರಿಯಲ್ಲಿ ಸಿಕ್ಕಿ, "ಒಸಿ ಹೊಗೆಸೊಪ್ಪು ಸೇರಿಸ್ಲಾ, ಬೇರಿಗೆ ಗರಂ ಆಯ್ತದೆ" ಎಂದ. ಹಾಸ್ಯಕ್ಕೆ ಹೇಳಿದನಂತೆ. ನಾನು ಅವ್ವನ ಎಲೆಅಡಿಕೆ ಚೀಲದಿಂದ ಒಂದು ಎಸಳು ಹೊಗೆಸೊಪ್ಪು ಕದ್ದು ಎಣ್ಣೆಗೆ ಹಾಕಿ ಕುದಿಸಿ ನೆತ್ತಿಗೆ ಹಚ್ಚಿಕೊಂಡೆ. ಕಡುಹಸಿರು ಬಣ್ಣದ ಆ ದ್ರವ್ಯದ ವಾಸನೆಗೆ ಮನೆಯ ಬೆಕ್ಕು ಓಡಿಹೋಗಿ ಪಕ್ಕದ ಮನೆಯಲ್ಲಿ ಸಂಸಾರ ಹೂಡಿತು.

ಇಲ್ಲಿ ನಮ್ಮ ಮನೆಯ ಕಸುಬನ್ನು ಹೇಳಬೇಕು. ನಾವು ರೇಷ್ಮೆ ಹುಳ ಸಾಕುವವರು. ತೋಟ ನನ್ನದು, ಹುಳದ ಮನೆ ಮಂಜುಳಾಳದು. ಅವಳ ಗೂಡಿಗೆ ರಾಮನಗರದ ಮಾರ್ಕೆಟ್ಟಿನಲ್ಲಿ ಒಳ್ಳೆಯ ಹೆಸರಿದೆ. ಹುಳಕ್ಕೆ ಬೇವು ಆಗದು. ಹೊಗೆಸೊಪ್ಪಂತೂ ಸಾಕ್ಷಾತ್ ವಿಷ. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತು! ಹುಳದ ಮನೆಯ ಬಾಗಿಲ ಮೇಲೆ 'ಬೀಡಿ, ಹೊಗೆಸೊಪ್ಪಿನವರಿಗೆ ಪ್ರವೇಶವಿಲ್ಲ' ಎಂದು ಕೆಂಪು ಬಣ್ಣದಲ್ಲಿ ಬರೆದವನೇ ನಾನು. ಅಕ್ಷರ ಚೆನ್ನಾಗಿದೆ ಎಂದು ನೋಡಿದವರೆಲ್ಲ ಹೊಗಳಿದ್ದರು.

ಆಗ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಹಸಿದ ನೆಂಟರಂತೆ ತಿನ್ನುವ ಕಾಲ. ಎಷ್ಟು ಸೊಪ್ಪು ತಂದರೂ ಸಾಲದು. ನನ್ನ ತಲೆಯ ವಾಸನೆ ಹಿತ್ತಲಿಗೆ ಬರುತ್ತಲೇ ಮಂಜುಳಾ ಹುಳದ ಮನೆಯ ಬಾಗಿಲಲ್ಲಿ ಅಡ್ಡ ನಿಂತಳು.

"ಈ ತಲೆ ಈ ಹೊಸಿಲು ದಾಟಿದ್ರೆ ನಾನು ನಮ್ಮಪ್ಪನ್ ಮನೆಗೆ ಹೊಂಟೋಯ್ತೀನಿ."

"ದಾಟಲ್ಲ ಕಣಮ್ಮಿ. ನಾನೇನ್ ದಡ್ಡನಾ?"

ಮಾತಿಗೆ ತಪ್ಪಲಿಲ್ಲ. ಹೊಸಿಲು ದಾಟಲಿಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು, ಹೊಸಿಲ ಹೊರಗೇ ಇಳಿಸಿದೆ.

ಹೌದು, ತಲೆಯ ಮೇಲೆ.

ಹೊರೆಯ ಕೆಳಗೆ ಸಿಂಬೆ ಇಟ್ಟುಕೊಳ್ಳುವುದು ವಾಡಿಕೆ. ಬಟ್ಟೆಯ ಸಿಂಬೆ ಎಣ್ಣೆಯನ್ನೆಲ್ಲ ಹೀರಿಬಿಟ್ಟರೆ ಬೇರಿಗೆ ಏನು ಉಳಿಯುತ್ತದೆ? ಹಾಗಾಗಿ ಸಿಂಬೆಯನ್ನು ತೆಗೆದಿಟ್ಟು ಬರಿನೆತ್ತಿಯ ಮೇಲೇ ಹೊತ್ತೆ. ಬೆರಳ ತುದಿಯಿಂದ ಆಗಾಗ ನೆತ್ತಿ ತಿಕ್ಕುತ್ತಿರಬೇಕೆಂದು ಜಡೆಯ ಹೆಂಗಸು ಹೇಳಿದ್ದಳಲ್ಲ, ಸೊಪ್ಪು ಕೊಯ್ಯುವ ನಡುನಡುವೆ ತಿಕ್ಕಿದೆ. ತಿಕ್ಕಿದ ಕೈಯಲ್ಲೇ ಕೊಯ್ದೆ. ಇಡೀ ದಿನ ಹೀಗೆ ಶ್ರದ್ಧೆಯಿಂದ ದುಡಿದೆ. ಅಷ್ಟು ಶ್ರದ್ಧೆಯಿಂದ ನಾನು ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಕೆಡಿಸಿಲ್ಲ.

ಮರುದಿನ ಬೆಳಿಗ್ಗೆ ಮಂಜುಳಾ ಹುಳದ ಮನೆಯಿಂದ ಹೊರಗೆ ಬಂದಳು. ಮುಖ ಬಿಳುಚಿಕೊಂಡಿತ್ತು.

"ಸದ್ದಿಲ್ಲ ಕಣ್ರೀ."

ಈ ಹೊತ್ತಿನಲ್ಲಿ ಹುಳದ ಮನೆಯೊಳಗೆ ಸೊಪ್ಪು ಮೇಯುವ ಸದ್ದು ಬೀದಿಗೆ ಕೇಳಬೇಕು. ಬಾಗಿಲಲ್ಲಿ ನಿಂತು ಇಣುಕಿದೆ. ನಾನು ತಂದ ಸೊಪ್ಪು ಮೊದಲು ಬಿದ್ದಿದ್ದ ಬಾಗಿಲ ಕಡೆಯ ಸ್ಟ್ಯಾಂಡುಗಳಲ್ಲಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿಕೊಂಡು ಮುದುರಿದ್ದವು. ಮಂಜುಳಾ ಒಂದು ಕಡ್ಡಿ ಸೊಪ್ಪು ಎತ್ತಿ ಮೂಸಿದಳು. ಇನ್ನೊಂದು ಮೂಸಿದಳು. ಆಮೇಲೆ ಬಂದು ನನ್ನ ನೆತ್ತಿಯನ್ನು ಮೂಸಿದಳು. ಮದುವೆಯಾದ ಮೇಲೆ ಅವಳು ಅಷ್ಟು ಹತ್ತಿರ ಬಂದು ಅಷ್ಟು ಅಸಹ್ಯಪಟ್ಟದ್ದು ಅದೇ ಮೊದಲು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಸ್ಟ್ಯಾಂಡಿನ ಪಕ್ಕ ಕುಕ್ಕರಿಸಿ, ಸಾಯುತ್ತಿದ್ದ ಹುಳವೊಂದನ್ನು ಅಂಗೈಯಲ್ಲಿಟ್ಟುಕೊಂಡಳು. "ಜ್ವರದಾಗೆ ನಿದ್ದೆಗೆಟ್ಟು ಕಾದಿದ್ನಲ್ಲ ಇವನ್ನ" ಎಂದಳು. ನನಗೆ ಹೇಳಿದ್ದಲ್ಲ, ಹುಳಕ್ಕೆ ಹೇಳಿದ್ದು. ಅವಳು ನನ್ನ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ಕೆಲಸವನ್ನು ಅವ್ವ ಬಾಯಲ್ಲೇ ಮಾಡಿದಳು. ಎಲೆಅಡಿಕೆ ಚೀಲ ತಡಕಿದವಳಿಗೆ ಹೊಗೆಸೊಪ್ಪಿನ ಕಳ್ಳತನವೂ ಆಗಲೇ ಗೊತ್ತಾಯಿತು. "ಬೇಲೀನೇ ಎದ್ದು ಹೊಲ ಮೇಯ್ತಲ್ಲೋ! ನಿಮ್ಮಪ್ಪಂಗೂ ಬೋಳ್ತಲೆ ಇತ್ತು. ತಲೆ ಒಳಗೆ ಒಸಿ ಇತ್ತು!"

ಬಾಗಿಲ ಕಡೆಯ ಹುಳವನ್ನೆಲ್ಲ ಗುಂಡಿಗೆ ಸುರಿದರು. ನಾನು ಕೊಯ್ದಿದ್ದ ಸೊಪ್ಪೆಲ್ಲ ತಿಪ್ಪೆಗೆ ಹೋಯಿತು. ಬೋರೇಗೌಡ ಮುಖ ಸಣ್ಣಗೆ ಮಾಡಿಕೊಂಡು ತನ್ನ ತೋಟದಿಂದ ಸೊಪ್ಪು ತಂದು ಇಳಿಸಿದ. "ತಮಾಸೆಗಂದೆ ಕಣಕ್ಕ. ಇವ್ನು ನಿಜವಾಗ್ಲೂ ಹಾಕ್ತಾನೆ ಅಂದ್ಕೊಂಡಿರ್ನಿಲ್ಲ" ಎಂದ. ಮಂಜುಳಾ, "ಯಾರ್ ತಾವ ತಮಾಸೆ ಮಾಡ್ಬೇಕು ಅಂತ ನಿಮ್ಗೂ ಗೊತ್ತಾಗ್ಬೇಕಿತ್ತು" ಎಂದಳು. ಉಳಿದ ಹುಳವನ್ನು ಅವಳು ಒಬ್ಬಳೇ ಕಾಪಾಡಿಕೊಂಡಳು.

ನಾನು ಸೀಗೆಪುಡಿ ಹಾಕಿ ಉಜ್ಜಿದೆ. ಕಡಲೆಹಿಟ್ಟು ಹಾಕಿ ಉಜ್ಜಿದೆ. ಹುಣಸೆಹಣ್ಣೂ ಹಾಕಿದೆ. ಇದ್ದಬದ್ದ ಕೂದಲು ಕೈಗೆ ಬಂತು, ವಾಸನೆ ಮಾತ್ರ ಬೇರು ಬಿಟ್ಟು ಕೂತಿತ್ತು. ಬೇರಿಗೆ ಇಳಿಯುತ್ತದೆ ಎಂದಿದ್ದು ಸುಳ್ಳಲ್ಲ! "ತಲೆ ಬೋಳಿಸ್ಕೊಂಡ್ ಬನ್ನಿ. ಅಲ್ಲೀಗಂಟ ಸೊಪ್ಪು ಮುಟ್ಬ್ಯಾಡಿ" ಎಂದು ಆಜ್ಞೆಯಾಯಿತು.

ರಾಮನಗರದ ಕಟಿಂಗ್ ಅಂಗಡಿಯವನು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಯಾವುದನ್ನ ಬೋಳಿಸ್ಬೇಕು ಯಜಮಾನ್ರೇ?" ಎಂದು ವಿನಯದಿಂದ ಕೇಳಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮುಗಿಸಿದ. ಊರಿಗೆ ಬರುವಾಗ ಬಸ್ಸಿನಲ್ಲಿ ಒಬ್ಬಾಕೆ, "ಕಬ್ಬಾಳಮ್ಮಂಗೆ ಮುಡಿ ಕೊಟ್ರಾ?" ಎಂದಳು. ಬೇರೆ ದಾರಿ ಕಾಣದೆ ಹೂಂ ಅಂದೆ. "ಏನ್ ಹರಕೆ?" ಎಂದಳು. ಬಾಯಿ ತಪ್ಪಿ ನಿಜ ಬಂದುಬಿಟ್ಟಿತು: "ಕೂದ್ಲು ಬರ್ಲಿ ಅಂತ." ಆಕೆ ಎದ್ದು ಬೇರೆ ಸೀಟಿಗೆ ಹೋಗಿ ಕುಳಿತಳು.

ಉಳಿದ ಹುಳ ಗೂಡು ಕಟ್ಟಿದ ಮೇಲೆ ಇಬ್ಬರೂ ಮಾರ್ಕೆಟ್ಟಿಗೆ ಹೋದೆವು. ನಮ್ಮ ಗೂಡನ್ನು ವರ್ಷಗಳಿಂದ ಕೊಳ್ಳುವ, ನೂಲು ತೆಗೆಯುವ ಕಾರ್ಖಾನೆಯ ಬಾಷಾ ಸಾಬರು ಒಂದು ಗೂಡು ಎತ್ತಿ ಬೆರಳಲ್ಲಿ ಒತ್ತಿದರು. ಅದು ಅಪ್ಪಚ್ಚಿಯಾಯಿತು.

"ಏನಮ್ಮ, ನಿಮ್ ಗೂಡು ಅಂದ್ರೆ ಕಲ್ಲಿದ್ದಂಗೆ ಇರ್ತಿತ್ತು. ಈ ಸಲ ಅರ್ಧಕ್ಕರ್ಧ ಜೊಳ್ಳು?"

"ನಮ್ಮೆಜಮಾನ್ರಿಗೆ ಕೂದ್ಲು ಬೇಕಿತ್ತು ಸಾಬ್ರೇ" ಎಂದಳು ಮಂಜುಳಾ. ಸುತ್ತ ನಿಂತವರಿಗೆಲ್ಲ ಕತೆಯನ್ನು ಮೊದಲಿನಿಂದ ಹೇಳಿದಳು. ಈರುಳ್ಳಿಯನ್ನೂ ಬಿಡಲಿಲ್ಲ. ಸಾಬರು ಕೈಯಲ್ಲಿದ್ದ ಗೂಡನ್ನು ನೋಡಿ, ನನ್ನ ತಲೆಯನ್ನು ನೋಡಿ, ಮತ್ತೆ ಗೂಡನ್ನು ನೋಡಿದರು. ದರ ಇಳಿಯಿತು.

ಜನ ಕರಗಿದ ಮೇಲೆ ಸಾಬರು ನನ್ನನ್ನು ಮೆಲ್ಲಗೆ ಕಂಬದ ಮರೆಗೆ ಕರೆದರು. ಅತ್ತಿತ್ತ ನೋಡಿ, ಟೋಪಿಯನ್ನು ಒಂದಿಷ್ಟು ಮೇಲೆತ್ತಿದರು. ಒಳಗೆ ಬಯಲು.

"ಗೌಡ್ರೇ, ಅದು... ಆ ಎಣ್ಣೆಗೆ ಏನೇನ್ ಹಾಕಿದ್ರಿ?"

ಒಂದು ಕೂದಲೂ ಬರಲಿಲ್ಲ ಸಾಬ್ರೇ, ಇದ್ದದ್ದೂ ಹೋಯಿತು ಎಂದು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ಆದರೆ ಎಷ್ಟೋ ದಿನಗಳ ಮೇಲೆ ಒಬ್ಬ ಮನುಷ್ಯ ನನ್ನನ್ನು ಗೌರವದಿಂದ ಒಂದು ವಿಷಯ ಕೇಳಿದ್ದ. ಬೋಳುತಲೆಯ ಮೇಲೆ ಕೈಯಾಡಿಸಿ, ಗಂಟಲು ಸರಿಮಾಡಿಕೊಂಡೆ.

"ಮೊದ್ಲು ಬೇವಿನೆಣ್ಣೇನ ಸಣ್ಣ ಉರೀಲಿ ಕಾಯಿಸ್ಕೋಬೇಕು ಸಾಬ್ರೇ..."

ತಲೆಯ ಹೊರಗೆ ಏನೂ ಬೆಳೆಯಲಿಲ್ಲ, ಅದು ನನಗೂ ಗೊತ್ತಿತ್ತು. ಒಳಗೂ ಏನೂ ಬೆಳೆದಿಲ್ಲವೆಂದು ಬೆನ್ನ ಹಿಂದೆ ನಿಂತಿದ್ದ ಮಂಜುಳಾ ಮಾರ್ಕೆಟ್ಟಿಗೇ ಕೇಳುವಂತೆ ಹೇಳಿದಳು.