ಪುನುಗು ಬೆಕ್ಕಿನವರು ದಯಮಾಡಿ ಸಾಕ್ಷಿಗೆ ಬರಬೇಕು

ನಾನಾ ಪಂಜರಗಳ ಮಾಜಿ ನಿವಾಸಿಗಳೂ, ಬಾವಲಿಗೂ ಮನುಷ್ಯನಿಗೂ ನಡುವೆ ರೋಗದ ದಲ್ಲಾಳಿತನ ಮಾಡಿದವರೆಂದು ಬಲವಾಗಿ ಶಂಕಿತರೂ ಆದ ಪುನುಗು ಬೆಕ್ಕಿನವರ ಸನ್ನಿಧಾನಕ್ಕೆ, ವೈರಾಣು ಪ್ರಯೋಗಾಲಯದ ಪಶುವೈದ್ಯೆಯೊಬ್ಬಳ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಅಷ್ಟೇನೂ ಕ್ಷೇಮವಾಗಿಲ್ಲ. ತಮ್ಮ ಒಂದು ಸೀನಿಗೆ ಇಡೀ ಲೋಕ ಬಾಯಿ ಮೂಗು ಮುಚ್ಚಿಕೊಂಡು ಮನೆಯೊಳಗೆ ಕೂತಿತು. ಯಾವ ಚಕ್ರವರ್ತಿಗೂ ಸಿಗದ ವಿಧೇಯತೆಯದು, ಅಭಿನಂದನೆಗಳು.

ಆದರೆ ಈ ಕೀರ್ತಿಯೆಲ್ಲ ತಪ್ಪು ವಿಳಾಸಕ್ಕೆ ಹೋಗಿದೆಯೆಂಬುದೇ ನನ್ನ ದೂರು. ಪ್ರಾಣಿಗಳ ಮಾರುಕಟ್ಟೆಯಲ್ಲಿ ತಮ್ಮಂಥವರ ಪಂಜರಗಳನ್ನು ಕೈಗಾಡಿಯಲ್ಲಿ ಸಾಗಿಸುತ್ತಿದ್ದ ನನ್ನ ಭಾವ, ನಮ್ಮೂರಲ್ಲಿ ಮೊದಲು ಈ ಜ್ವರ ಬಂದು ಮಲಗಿದವರು, ಮೊದಲು ತೀರಿಕೊಂಡವರು. ಅಂದಿನಿಂದ ಅಕ್ಕನ ಮನೆಗೆ 'ರೋಗ ಹುಟ್ಟಿದ ಮನೆ' ಎಂದೇ ಹೆಸರು. ಹಾಲಿನವನು ಪೊಟ್ಟಣವನ್ನು ಗೇಟಿನಾಚೆಯಿಂದಲೇ ಎಸೆದು ಓಡುತ್ತಾನೆ. ಪಕ್ಕದ ಮನೆಯಾಕೆ ತನ್ನ ಮಗಳಿಗೆ, "ಆ ಕಡೆ ಹೋಗ್ಬೇಡ, ಊರಿಗೆಲ್ಲ ಹಂಚಿದ್ದು ಅವರೇ" ಎಂದು ಅಕ್ಕನಿಗೆ ಕೇಳಿಸುವ ಹಾಗೆಯೇ ಹೇಳುತ್ತಾಳೆ.

ಆದ್ದರಿಂದ ತಮ್ಮ ದರ್ಶನಕ್ಕೆ ಹೊರಟೆ. ಮೊದಲು ತಮಗೆ ಸರಕು ಒದಗಿಸಿದ ಬಾವಲಿಗಳ ಗುಹೆಗೆ ಹೋದೆ. ಅವರು ತಲೆಕೆಳಗಾಗಿಯೇ ಬರಮಾಡಿಕೊಂಡು, ನನ್ನ ಕನ್ನಡಕದ ಮೇಲೆ ಉಚ್ಚೆ ಹೊಯ್ದು, ಕೇಳುವ ಮೊದಲೇ ಮಾದರಿ ಕೊಟ್ಟರು. ಅದರಲ್ಲಿದ್ದದ್ದು ನಮ್ಮ ವೈರಾಣುವಿನ ದಾಯಾದಿ, ಸಾಕ್ಷಾತ್ ಅದಲ್ಲ. ಅಲ್ಲಿಂದ ಮಾರುಕಟ್ಟೆಗೆ ಬಂದರೆ, ಅಧಿಕಾರಿಗಳು ತಮ್ಮನ್ನೆಲ್ಲ ಲಾರಿಗೆ ತುಂಬಿ ಎತ್ತಲೋ ಸಾಗಹಾಕಿ, ಸಾಕ್ಷ್ಯದ ಸಮೇತ ನೆಲವನ್ನು ಫಳಫಳ ತೊಳೆಸಿದ್ದರು. ಆ ಶುಚಿತ್ವಕ್ಕೆ ಯಾವ ಪದಕ ಕೊಟ್ಟರೂ ಕಡಿಮೆಯೇ. ತೊಳೆಸಿದವರೇ ನನ್ನನ್ನು ಕೇಳಿದರು: "ಎಲ್ಲಮ್ಮಾ ನಿಮ್ಮ ಪ್ರಾಣಿ?"

ತೊಳೆಯಲು ಮರೆತದ್ದು ಮೂಲೆಯಲ್ಲಿ ಮಗುಚಿಬಿದ್ದಿದ್ದ ಭಾವನ ಗಾಡಿಯೊಂದನ್ನೇ. ಹಲಗೆಗಳ ಸಂದಿಯಲ್ಲಿ ಹತ್ತಿಕಡ್ಡಿ ಆಡಿಸಿದೆ. ತಮ್ಮ ಜೊಲ್ಲೂ ರೋಗದ ವೈರಾಣುವೂ ಒಟ್ಟಿಗೆ ಸಿಕ್ಕವು. "ಗಾಡಿ ತಳ್ಳಿದವನೇ ಸೀನಿರಬಹುದಲ್ಲ?" ಎಂದಿತು ರೋಗದ ಮೂಲ ಹುಡುಕಲು ಸರ್ಕಾರ ನೇಮಿಸಿದ್ದ ತನಿಖಾ ಮಂಡಳಿ. ಆದರೆ ಪರೀಕ್ಷೆಯಲ್ಲಿ, ಗಾಡಿಯಲ್ಲಿದ್ದದ್ದು ಭಾವನ ಮೈಯಲ್ಲಿದ್ದದ್ದಕ್ಕಿಂತ ಹಳೆಯ ರೂಪವೆಂದು, ಅಂದರೆ ಅದು ಭಾವನಿಂದ ಗಾಡಿಗೆ ಬಂದದ್ದಲ್ಲವೆಂದು ತಿಳಿಯಿತು. ಆಮೇಲೆ ಮಂಡಳಿ ಬಹಳ ಹೊತ್ತು ಕೆಮ್ಮಿ, "ಪ್ರಾಣಿಯಿಂದ ಬಂದಿರಬಹುದು" ಎಂದು ಒಪ್ಪಿಕೊಂಡಿತು.

ಅಕ್ಕನಿಗೆ ಹೇಳಿದೆ. ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು. "ಹಂಗಾದ್ರೆ ಅವರಿಗೂ ಅಂಟಿದ್ದೇ ಅಲ್ವಾ? ಅವರಾಗಿ ತಂದಿದ್ದಲ್ಲ ತಾನೇ?"

"ಅಲ್ಲ ಅಕ್ಕ," ಎಂದೆ.

ಭಾವನ ಮುಖವನ್ನೂ ನೋಡಲು ಬಿಡದೆ ಶವ ಸಾಗಿಸಿದ ದಿನ ಕಲ್ಲಿನಂತೆ ನಿಂತಿದ್ದವಳು, ಸೋಪಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು.

ಆದರೆ ಮಾನ್ಯರೇ, ಆ 'ಬಹುದು' ಬೀದಿಯವರಿಗೆ ಸಾಲದು. ಆದಕಾರಣ ತಾವು ತಮ್ಮ ಮೂಗಿನ ಸಿಂಬಳದ ಸಮೇತ ಖುದ್ದಾಗಿ ಬಂದು, ಪಕ್ಕದ ಮನೆಯಾಕೆಯ ಮುಂದೆ ಪಂಜ ಮೇಲೆತ್ತಿ, "ಸೀನಿದ್ದು ನಾನು" ಎಂದು ಒಂದೇ ಒಂದು ಮಾತು ಹೇಳಿ ಹೋಗಬೇಕಾಗಿ ಪ್ರಾರ್ಥನೆ.

ಹತ್ತಿಕಡ್ಡಿ ಹಿಡಿದು ಕಾದಿರುವ,
ತಮ್ಮ ವಿಶ್ವಾಸಿ,
ಗಾಡಿಯವರ ನಾದಿನಿ

ತಾ.ಕ.: ಮಾರುಕಟ್ಟೆ ಮತ್ತೆ ತೆರೆದಿದೆ. ತಮ್ಮ ನೆಂಟರಿಷ್ಟರು ಒಬ್ಬರ ಮೇಲೊಬ್ಬರು ಸೀನುತ್ತ ಸುಖವಾಗಿದ್ದಾರೆ. ಪಂಜರದ ಬೀಗದ ಕೈ ಯಾವ ಪ್ರಾಣಿಯ ಜೇಬಿನಲ್ಲಿದೆಯೆಂದು ಮಾತ್ರ ಮಂಡಳಿ ಇನ್ನೂ ವಿಚಾರಿಸಿಲ್ಲ.